‘ಸಿನ್ಸ್’ ಶಬ್ದವೂ ಕುಂದಾಪುರ ಸೀಮೆಯ ‘ಇಂದ’ ಪ್ರತ್ಯಯವೂ

ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಇಂಗ್ಲಿಷ್ ಅಭ್ಯಾಸಿಗಳ ಬರವಣಿಗೆಯಲ್ಲಿ ‘ಸಿನ್ಸ್’ ಎಂಬ ಕಾಲವಾಚಕವು ಸ್ಥಾನಪಲ್ಲಟಗೊಳ್ಳುವುದನ್ನು ಕಂಡು ಅದನ್ನು ಅನಭ್ಯಾಸದ ಫಲವೆಂದು ತಳ್ಳಿಹಾಕುವುದು ಸುಲಭವಾದರೂ (ಇಂಗ್ಲಿಷ್ ಅಧ್ಯಾಪಕರಾಗಿದ್ದ ಗೋಪಾಲಕೃಷ್ಣ ಅಡಿಗರ ಮೊಗೇರಿಯೂ ಈ ಸೀಮೆಯದೇ ಎಂಬುದನ್ನು ಮರೆಯಲಾಗದು), ಆ ಸ್ಖಾಲಿತ್ಯದ ಮೂಲವು ಕನ್ನಡದ ‘ಇಂದ’ ಪ್ರತ್ಯಯದ ಅರ್ಥವ್ಯಾಪ್ತಿಯಲ್ಲಿಯೇ ಅಡಗಿರುವುದೆಂದು ನನ್ನ ಅಭಿಪ್ರಾಯ. ಕೇಶಿರಾಜನು 13ನೆಯ ಶತಮಾನದ ‘ಶಬ್ದಮಣಿದರ್ಪಣ’ದಲ್ಲಿ ಪಂಚಮಿಗೆ ‘ಅತ್ತಣಿಂ’ ಎಂಬ ಪ್ರತ್ಯಯವನ್ನು ಪ್ರತ್ಯೇಕವಾಗಿ ವಿಧಿಸಿದ್ದರೂ, ಆಡುಮಾತಿನಲ್ಲಿ ಕರಣ, ಅಪಾದಾನ, ಹೇತುಗಳೆಲ್ಲದರ ಭಾರವನ್ನೂ ಹೊರುತ್ತ ಬಂದಿರುವುದು ‘ಇಂದ’ವೊಂದೇ; ಕಾಲಗಣನೆಯೂ ಅದರ ಹೆಗಲಿಗೇ ಬಿದ್ದಿದೆ.

ಗಂಗೊಳ್ಳಿಯ ಬಂದರಿನ ಮಾತನ್ನೇ ಪರಿಶೀಲಿಸೋಣ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ, ಜುಲೈ ಮುಗಿಯುವ ಹೊತ್ತಿಗೆ ‘ಜೂನ್ ಒಂದ್ರಿಂದ ಬೋಟ್ ದಡದ್ ಮೇಲೇ ಇತ್ತ್’ ಎಂದರೂ ಸರಿ, ‘ಎರಡ್ ತಿಂಗ್ಳಿಂದ ಬೋಟ್ ದಡದ್ ಮೇಲೇ ಇತ್ತ್’ ಎಂದರೂ ಸರಿ. ಹೊರಗಿನವರ ಕಿವಿಗೆ ಭೂತಕಾಲವಾಗಿ ಕೇಳುವ ಈ ‘ಇತ್ತ್’ ಕುಂದಗನ್ನಡದಲ್ಲಿ ಶುದ್ಧ ವರ್ತಮಾನ, ಅಂದರೆ ‘ಇದೆ’. ಇಂಗ್ಲಿಷಿನಲ್ಲಾದರೋ, ಮೊದಲಿನದು ಆರಂಭಬಿಂದುವಾದ ಕಾರಣ ‘ಸಿನ್ಸ್’ ಬರಬೇಕು. ಎರಡನೆಯದು ಕಾಲದ ಅಳತೆಯಾದ ಕಾರಣ ‘ಫಾರ್’ ಬರಬೇಕು. ಕ್ರಿಯಾಪದವು ಎರಡೆಡೆಯೂ ವರ್ತಮಾನವನ್ನು ಬಿಟ್ಟು ‘ಹ್ಯಾಸ್ ಬೀನ್’ ಆಗಬೇಕು. ‘ಆಗಸ್ಟ್ ಒಂದರಿಂದ ಬೋಟು ಕಡಲಿಗಿಳಿಯುತ್ತದೆ’ ಎಂಬಲ್ಲಿ ‘ಇಂದ’ ಭವಿಷ್ಯಕ್ಕೂ ಕೈಚಾಚುತ್ತದೆ. ಅಲ್ಲಿ ‘ಸಿನ್ಸ್’ ಸಲ್ಲದು, ‘ಫ್ರಮ್’ ಮಾತ್ರ ಸಲ್ಲುವುದು. ಆದುದರಿಂದ ‘ಎಂದಿನಿಂದ?’ ‘ಎಷ್ಟು ಕಾಲದಿಂದ?’ ಎಂಬೆರಡು ಪ್ರಶ್ನೆಗಳನ್ನು ವಿದ್ಯಾರ್ಥಿಯು ಮೊದಲು ಕನ್ನಡದಲ್ಲಿಯೇ ಕೇಳಿಕೊಳ್ಳುವುದು, ನಿಯಮಗಳ ಪಟ್ಟಿಯನ್ನು ಉರುಹೊಡೆಯುವುದಕ್ಕಿಂತ ಮೇಲು.

ಇನ್ನು ವ್ಯಾಕರಣಸ್ಥಾನ. ‘1997ರಿಂದ ಕುಂದಾಪುರವು ಉಡುಪಿ ಜಿಲ್ಲೆಯಲ್ಲಿದೆ’ ಎಂಬಲ್ಲಿ ನಾಮಪದದ ಜತೆ ನಿಲ್ಲುವ ‘ಸಿನ್ಸ್’, ‘ಉಡುಪಿ ಜಿಲ್ಲೆ ರಚನೆಯಾದಂದಿನಿಂದ’ ಎಂಬಲ್ಲಿ ಇಡಿಯ ಉಪವಾಕ್ಯವನ್ನು ಹಿಡಿದು ತರುತ್ತದೆ. ‘ಅಂದಿನಿಂದಲೂ ಹಾಗೆಯೇ ಇದೆ’ ಎಂಬಲ್ಲಿ ಯಾವ ಪದವನ್ನೂ ಆಶ್ರಯಿಸದೆ ಕ್ರಿಯಾವಿಶೇಷಣವಾಗುತ್ತದೆ. ಇಂಗ್ಲಿಷಿನಲ್ಲಿ ಮೂರು ಸ್ಥಾನಗಳಲ್ಲಿಯೂ ಶಬ್ದದ ರೂಪ ಅವಿಕೃತ. ಕನ್ನಡದಲ್ಲಿ ನಾಮಪದ, ಕೃದಂತ, ಸರ್ವನಾಮಮೂಲದ ಅವ್ಯಯ ಎಂದು ಪ್ರಕೃತಿಯೇ ಬದಲಾಗುವುದರಿಂದ ಸ್ಥಾನಭೇದವು ಕಣ್ಣಿಗೆ ಹೊಡೆಯುವಂತಿದೆ. ಉಪವಾಕ್ಯದ ಕ್ರಿಯೆ ಭೂತಕಾಲದಲ್ಲಿಯೂ ಪ್ರಧಾನ ಕ್ರಿಯೆ ‘ಹ್ಯಾಸ್ ಬೀನ್’ ರೂಪದಲ್ಲಿಯೂ ಇರಬೇಕೆಂಬುದೊಂದು ಮಾತ್ರ ನಮ್ಮವರಿಗೆ ಹೊಸತು.

ಹೇತ್ವರ್ಥದಲ್ಲಿ ಮಾತ್ರ ಕನ್ನಡವೇ ಹೆಚ್ಚು ಜಾಗರೂಕ. ‘ಮಳೆ ಹಿಡಿದಂದಿನಿಂದ ಬೋಟು ಇಳಿದಿಲ್ಲ’ ಎಂದರೆ ಕಾಲ. ‘ಮಳೆ ಹಿಡಿದುದರಿಂದ ಬೋಟು ಇಳಿದಿಲ್ಲ’ ಎಂದರೆ ಕಾರಣ. ಇಂಗ್ಲಿಷಿನಲ್ಲಿ ‘ಸಿನ್ಸ್’ ಹಾಕಿ ಬರೆದರೆ ಇವೆರಡೂ ಒಂದೇ ವಾಕ್ಯವಾಗಿ ಬಿಡುವುದುಂಟು. ಅಂಥಲ್ಲಿ ಕಾಲಾರ್ಥಕ್ಕೆ ‘ಸಿನ್ಸ್’ ಅನ್ನು ಉಳಿಸಿಕೊಂಡು, ಕಾರಣಾರ್ಥಕ್ಕೆ ‘ಬಿಕಾಸ್’ ಎಂದೇ ಬರೆಯುವುದು ಕ್ಷೇಮ.