ಜರಡಿಯಲ್ಲಿ ಉಳಿದುಹೋದ ಹೊಟ್ಟು

ಪ್ರವಾದಿ ಮುಹಮ್ಮದ್(ಸ)ರ ಕಾಲದಲ್ಲಿ ಜರಡಿಗಳಿದ್ದವೇ ಎಂದು ಅಬೂ ಹಾಝಿಮ್‌ರವರು ಸಹಾಬಿ ಸಹ್ಲ್ ಬಿನ್ ಸಅದ್(ರ)ರನ್ನು ಕೇಳಿದ ಪ್ರಸಂಗವೊಂದು ಸಹೀಹ್ ಬುಖಾರಿಯಲ್ಲಿದೆ. ಪ್ರವಾದಿತ್ವ ಲಭಿಸಿದಂದಿನಿಂದ ವಫಾತ್ ಆಗುವವರೆಗೂ ಪ್ರವಾದಿ(ಸ)ಯವರು ಜರಡಿಯನ್ನು ಕಂಡಿರಲಿಲ್ಲವೆಂದು ಅವರು ತಿಳಿಸಿದರು. ಜವೆಗೋಧಿಯನ್ನು ಬೀಸಿ ಬಾಯಿಂದ ಊದಲಾಗುತ್ತಿತ್ತು. ಹಾರುವ ಹೊಟ್ಟು ಹಾರಿದ ಬಳಿಕ ಉಳಿದುದಕ್ಕೆ ನೀರು ಬೆರೆಸಿ ಸೇವಿಸಲಾಗುತ್ತಿತ್ತು.

ಈ ಹದೀಸನ್ನು ವೈದ್ಯಶಾಸ್ತ್ರದ ಪಾಠವೆಂದು ಹಿಗ್ಗಿಸುವುದು ಸಲ್ಲದು. ಅದು ಸರಳ ಬದುಕಿನ ಚಿತ್ರ. ಆದರೆ ಹಿಟ್ಟು ಬೆಳ್ಳಗಾದಂತೆ ಮನುಷ್ಯನು ಕಳೆದುಕೊಂಡುದೇನು ಎಂಬ ಪ್ರಶ್ನೆಯನ್ನು ಅದು ನಮ್ಮ ಮುಂದಿಡುತ್ತದೆ.

ಹೊಟ್ಟಿರುವ ರೊಟ್ಟಿಯು ಮಲವನ್ನು ಸಡಿಲಗೊಳಿಸುತ್ತದೆ, ಬಿಳಿ ರೊಟ್ಟಿಯು ಕಟ್ಟುತ್ತದೆ ಎಂಬುದನ್ನು ಇಬ್ನು ಸೀನಾರಂತಹ (980–1037) ಹಕೀಮರು ಅರಿತಿದ್ದರು. ಆದರೂ ಬಿಳಿ ರೊಟ್ಟಿಯು ಸಿರಿವಂತಿಕೆಯ ಗುರುತಾಗಿಯೇ ಉಳಿಯಿತು. 19ನೇ ಶತಮಾನದ ಕೊನೆಯ ದಶಕಗಳಲ್ಲಿ ಉಕ್ಕಿನ ಉರುಳೆಗಳ ಗಿರಣಿಗಳು ಯುರೋಪಿನಲ್ಲಿ ಹರಡಿದಾಗ ಅದು ಬಡವರಿಗೂ ಅಗ್ಗವಾಗಿ ದೊರೆಯತೊಡಗಿತು. ಹೊಟ್ಟು ದನಗಳ ಪಾಲಾಯಿತು.

ಅದರ ಬೆಲೆಯನ್ನು ಲೋಕಕ್ಕೆ ನೆನಪಿಸಿದವರಲ್ಲಿ ಐರ್ಲೆಂಡ್ ಮೂಲದ ಶಸ್ತ್ರವೈದ್ಯ ಡೆನಿಸ್ ಬರ್ಕಿಟ್ ಪ್ರಮುಖರು. 1946ರಿಂದ ಸುಮಾರು ಇಪ್ಪತ್ತು ವರ್ಷ ಉಗಾಂಡದಲ್ಲಿ ದುಡಿದ ಅವರಿಗೆ, ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿದ್ದ ಮೂಲವ್ಯಾಧಿ, ಅಪೆಂಡಿಸೈಟಿಸ್, ದೊಡ್ಡ ಕರುಳಿನ ಕ್ಯಾನ್ಸರ್ ಅಲ್ಲಿನ ಹಳ್ಳಿಗರಲ್ಲಿ ಅಪರೂಪವಾಗಿ ಕಂಡವು. 1972ರಲ್ಲಿ ಅವರೂ ಸಂಗಡಿಗರೂ ಪ್ರಕಟಿಸಿದ ಅಧ್ಯಯನದಂತೆ, ನಾರು ಹೇರಳವಾಗಿರುವ ಆಹಾರ ಉಣ್ಣುವ ಆಫ್ರಿಕಾದ ಹಳ್ಳಿಗರಲ್ಲಿ ಉಂಡದ್ದು ಸುಮಾರು ಒಂದೂವರೆ ದಿನದಲ್ಲಿ ಹೊರಬೀಳುತ್ತಿತ್ತು. ಬ್ರಿಟಿಷರಲ್ಲಿ ಅದಕ್ಕೆ ಮೂರು ದಿನಗಳಷ್ಟು ಕಾಲ ಬೇಕಾಗುತ್ತಿತ್ತು. ಬರ್ಕಿಟ್‌ರ ಎಲ್ಲ ತೀರ್ಮಾನಗಳೂ ಅವರು ಹೇಳಿದಷ್ಟು ಸರಳವಾಗಿ ನಿಲ್ಲಲಿಲ್ಲ. ಆದರೆ ಅವರು ತೋರಿದ ದಿಕ್ಕು ಸರಿಯಾಗಿತ್ತು.

ನಾರಿನಂಶವು ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ದೊಡ್ಡ ಕರುಳನ್ನು ತಲುಪುತ್ತದೆ. ನೀರನ್ನು ಹಿಡಿದಿಟ್ಟು ಮಲವನ್ನು ಮೃದುವಾಗಿಸುತ್ತದೆ. ಅದರ ಒಂದು ಭಾಗವನ್ನು ಅಲ್ಲಿನ ಸೂಕ್ಷ್ಮಾಣುಗಳು ಹುದುಗಿಸಿ, ಕರುಳಿನ ಒಳಪದರಕ್ಕೆ ಪೋಷಣೆ ನೀಡುವ ಆಮ್ಲಗಳನ್ನು ಉತ್ಪಾದಿಸುತ್ತವೆ. ವಯಸ್ಕರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ನಮ್ಮ ಮನೆಗಳಲ್ಲಿಂದು ಮೈದಾದ ಪರೋಟ ಗೌರವದ ಊಟವಾಗಿದೆ, ರಾಗಿ ಮತ್ತು ಜೋಳದ ರೊಟ್ಟಿಗಳು ಬಡತನದ ಗುರುತಾಗಿವೆ. ಈ ಎಣಿಕೆಯನ್ನು ನಾವು ತಿದ್ದಿಕೊಳ್ಳಬೇಕಾಗಿದೆ. ಕಾಳು, ಸೊಪ್ಪು, ಹಣ್ಣುಗಳನ್ನು ಕ್ರಮೇಣ ಹೆಚ್ಚಿಸೋಣ, ಸಾಕಷ್ಟು ನೀರು ಕುಡಿಯೋಣ. ಮಲದಲ್ಲಿ ರಕ್ತ ಕಂಡರೆ ನಾಚದೆ ವೈದ್ಯರ ಬಳಿಗೆ ಹೋಗೋಣ. ದೇಹವು ಅಲ್ಲಾಹನು ನಮಗೊಪ್ಪಿಸಿದ ಅಮಾನತ್ತು. ಕರುಳೂ ಅದರಲ್ಲಿ ಸೇರಿದೆ.