ಮುಧೋಳ ನಾಯಿ: ಅರಮನೆಯ ತಳಿಯೋ, ಎರೆಹೊಲದ ತಳಿಯೋ?

ಮುಧೋಳ ನಾಯಿಯ ಲಕ್ಷಣಗಳ ಬಗ್ಗೆ ತಕರಾರಿಲ್ಲ: ಉದ್ದ ತಲೆ, ಆಳವಾದ ಎದೆ, ಒಳಸರಿದ ಹೊಟ್ಟೆ, ಗಿಡ್ಡ ಕೂದಲು. ಬಿಲಕ್ಕೆ ನುಗ್ಗಿ ಬೇಟೆಯನ್ನು ಹೊರಗೆಳೆಯಲೆಂದು ಬೆಳೆಸಿದ ಇಂಗ್ಲೆಂಡಿನ ಟೆರಿಯರ್‌ಗೆ ಇದು ತದ್ವಿರುದ್ಧ. ಕಣ್ಣಿಗೆ ಬಿದ್ದದ್ದನ್ನು ಬಯಲಿನಲ್ಲಿ ಅಟ್ಟಿ ಹಿಡಿಯುವ ನಾಯಿ. 2005ರಲ್ಲಿ ಇದರ ಅಂಚೆಚೀಟಿ ಬಂತು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಬೀದರ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೂ ಇದೆ.

ತಕರಾರಿರುವುದು ಮೂಲದ ಬಗ್ಗೆ. ತಳಿಯ ಶ್ರೇಯಸ್ಸನ್ನು ಮುಧೋಳದ ಘೋರ್ಪಡೆ ಅರಸರಿಗೆ ಕೊಡುವುದು ರೂಢಿ. 1937ರಲ್ಲಿ ರಾಜಾಸಾಹೇಬರು ಐದನೇ ಜಾರ್ಜ್ ದೊರೆಗೆ ಮರಿಗಳ ಜೋಡಿಯೊಂದನ್ನು ಕಾಣಿಕೆ ಕೊಟ್ಟರೆಂಬ ಪ್ರಸಂಗ ಲೇಖನದಿಂದ ಲೇಖನಕ್ಕೆ ಸಾಗಿಬಂದಿದೆ. ಐದನೇ ಜಾರ್ಜ್ ತೀರಿಕೊಂಡದ್ದು 1936ರ ಜನವರಿ 20ರಂದು! ಇಸವಿ ತಪ್ಪಿರಬೇಕು, ಇಲ್ಲವೇ ದೊರೆಯ ಹೆಸರು. 1937 ಆರನೇ ಜಾರ್ಜ್ ಪಟ್ಟಾಭಿಷೇಕದ ವರ್ಷ, ಹೆಸರೇ ಅದಲುಬದಲಾಗಿದ್ದೀತು. ಕಾಣಿಕೆ ನಡೆದೇ ಇಲ್ಲವೆನ್ನುವುದು ನನ್ನ ವಾದವಲ್ಲ. ನಡೆದಿದ್ದರೂ ಅದು ಆಗಲೇ ಸಿದ್ಧವಿದ್ದ ತಳಿಯ ಸಾಕ್ಷಿ, ತಳಿ ಹುಟ್ಟಿದ ಬಗೆಯ ಸಾಕ್ಷಿಯಲ್ಲ.

ಹಾಗಾದರೆ ಆಯ್ಕೆ ಮಾಡಿದವರು ಯಾರು? ಒಕ್ಕಲಿಗರು ಮತ್ತು ಕುರಿಗಾರರು ಎಂಬುದು ನನ್ನ ಊಹೆ. ಮುಧೋಳದ ದಕ್ಷಿಣಕ್ಕಿರುವ ರಾಮದುರ್ಗ, ಸವದತ್ತಿ, ಬೈಲಹೊಂಗಲಗಳ ಎರೆಹೊಲ ಸುಗ್ಗಿಯಾದ ಮೇಲೆ ಬಟ್ಟಬಯಲು. ಅಲ್ಲಿ ಮೊಲ ಎದ್ದರೆ ಮೂಗಿಗಿಂತ ಕಣ್ಣು, ಕಾಲು ಮುಖ್ಯ. ಕಿತ್ತೂರು ದಾಟಿ ಪಶ್ಚಿಮಕ್ಕೆ ಹೋದಂತೆ ಅಡವಿ ದಟ್ಟವಾಗುತ್ತದೆ. ಅಂಥಲ್ಲಿ ಈ ಮೈಕಟ್ಟಿಗೆ ಬೆಲೆ ಕಡಿಮೆ. ಆದರೂ ಇಷ್ಟನ್ನು ಒಪ್ಪಬೇಕು: ನೆಲಕ್ಕೆ ಮೈ ಹೊಂದುತ್ತದೆ ಎಂದಮಾತ್ರಕ್ಕೆ ಆ ನೆಲವೇ ಅದನ್ನು ರೂಪಿಸಿತೆಂದು ಸಿದ್ಧವಾಗದು. ಪಶ್ಚಿಮ ಏಷ್ಯಾದ ಸಲೂಕಿ ನಾಯಿಯ ಹೋಲಿಕೆ ಕಣ್ಣಿಗೆ ಹೊಡೆಯುವಂತಿದೆ, ರಕ್ತ ಹೊರಗಿನದಿರಬಹುದು. ಅರಮನೆಯ ಪೋಷಣೆಯಿಲ್ಲದೆ ತಳಿಗೆ ಈ ಹೆಸರು ನಿಲ್ಲುತ್ತಿರಲಿಲ್ಲ ಎಂಬುದೂ ನಿಜ.

ಆರೈಕೆಯ ಮಟ್ಟಿಗೆ ಇದು ಒಣಚರ್ಚೆಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದಾಗಿ ಮೊಲದ ಬೇಟೆಗೆ ಈಗ ಅವಕಾಶವಿಲ್ಲ, ಓಟದ ಹಸಿವು ಮಾತ್ರ ಉಳಿದಿದೆ. ಇದನ್ನು ದಿನವಿಡೀ ಸರಪಳಿಯಲ್ಲಿ ಕಟ್ಟುವುದು ಅನ್ಯಾಯ. ಬೇಲಿಯಿರುವ ಹೊಲದಲ್ಲಿ ಬಿಟ್ಟು ಓಡಿಸಬೇಕು. ಪಕ್ಕೆಲುಬು ಕಾಣುವುದನ್ನು ಹಸಿವೆಂದು ತಿಳಿದು ಕೊಬ್ಬಿಸಬಾರದು. ಮೈಮೇಲೆ ಕೊಬ್ಬು, ಕೂದಲು ಎರಡೂ ಕಡಿಮೆಯಾದ್ದರಿಂದ ಬರಿನೆಲದ ಮೇಲೆ ಮಲಗಿಸದೆ ಗೋಣಿತಟ್ಟು ಹಾಸಬೇಕು. ಶಸ್ತ್ರಚಿಕಿತ್ಸೆಯಾದರೆ, ಥಯೊಪೆಂಟಾಲ್‌ನಂಥ ಅರಿವಳಿಕೆಯಿಂದ ಇದೇ ಮೈಕಟ್ಟಿನ ಗ್ರೇಹೌಂಡ್ ನಾಯಿ ಚೇತರಿಸಿಕೊಳ್ಳುವುದು ತಡವೆಂಬ ಸಂಗತಿಯನ್ನು ವೈದ್ಯರಿಗೆ ನೆನಪಿಸುವುದು ಲೇಸು.

ಮೂಲದ ಪ್ರಶ್ನೆ ಇತ್ಯರ್ಥವಾಗಲು ಎರಡು ಕೆಲಸ ಆಗಬೇಕು: ರಾಮದುರ್ಗ, ಸವದತ್ತಿ, ಬೈಲಹೊಂಗಲ, ಕಿತ್ತೂರು ಈ ನಾಲ್ಕು ತಾಲ್ಲೂಕುಗಳ ನಾಯಿಗಳ ವಂಶವಾಹಿಯನ್ನು ಮುಧೋಳದವುಗಳೊಂದಿಗೆ ಹೋಲಿಸುವುದು, ರಾಮದುರ್ಗವೂ ಒಂದು ಸಂಸ್ಥಾನವಾಗಿತ್ತಾದ್ದರಿಂದ ಅದರ ದಫ್ತರಗಳಲ್ಲಿ ಬೇಟೆ ನಾಯಿಗಳ ಖರ್ಚುವೆಚ್ಚವನ್ನು ಹುಡುಕುವುದು.