ವೈದ್ಯಾಪರಾಧದ ವಿಚಾರಣೆಯಲ್ಲಿ ಕಾರಣನಿರ್ಣಯ: ಬಳ್ಳಾರಿಯ ಪ್ರಕರಣವೂ ಅದರ ಪೂರ್ವೇತಿಹಾಸವೂ

ಚಿಕಿತ್ಸೆಯ ಕಾಲದಲ್ಲಿ ರೋಗಿಯು ಮೃತನಾದಾಗ ನ್ಯಾಯಸ್ಥಾನದ ಮುಂದೆ ಎರಡು ಪ್ರಶ್ನೆಗಳು ಹುಟ್ಟುತ್ತವೆ. ವೈದ್ಯನು ತನ್ನ ಕರ್ತವ್ಯದಲ್ಲಿ ತಪ್ಪಿದನೆ ಎಂಬುದು ಒಂದು. ಆ ತಪ್ಪಿನಿಂದಲೇ ಮರಣವುಂಟಾಯಿತೆ ಎಂಬುದು ಇನ್ನೊಂದು. ಜನರ ಬಾಯಲ್ಲಿ ಇವೆರಡೂ ಒಂದೇ ಆಗಿ ಹೋಗುವುದುಂಟು. ಆದರೆ ನ್ಯಾಯಶಾಸ್ತ್ರದಲ್ಲಿ ಇವುಗಳ ಹಾದಿ ಬೇರೆ ಬೇರೆ. ಎರಡನೆಯ ಪ್ರಶ್ನೆಯು ಶರೀರದೊಳಗೆ ಕಣ್ಣಿಗೆ ಕಾಣದಂತೆ ನಡೆದ ವ್ಯಾಪಾರವನ್ನು ಕುರಿತದ್ದಾದುದರಿಂದ ಅದಕ್ಕೆ ತಜ್ಞರ ಸಾಕ್ಷ್ಯವಿಲ್ಲದೆ ಉತ್ತರ ದೊರೆಯುವುದು ಕಷ್ಟ. 2024ರಲ್ಲಿ ಬಳ್ಳಾರಿಯಲ್ಲಿ ನಡೆದ ಬಾಣಂತಿಯರ ಮರಣಗಳು ಈ ಭೇದವನ್ನು ಮತ್ತೆ ಮುಂದಿಟ್ಟಿವೆ. ಅದರ ಪೂರ್ವೇತಿಹಾಸವನ್ನು ಪರಿಶೀಲಿಸಿದ ಹೊರತು ಈ ಪ್ರಕರಣದ ತೊಡಕು ತಿಳಿಯದು.

ಪ್ರಾಚೀನ ಧರ್ಮಶಾಸ್ತ್ರಕಾರರಿಗೆ ಈ ವಿಷಯವು ಅಪರಿಚಿತವಾಗಿರಲಿಲ್ಲ. ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚುಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಕಂಟಕಶೋಧನವೆಂಬ ನಾಲ್ಕನೆಯ ಅಧಿಕರಣದೊಳಗೆ, ವೈದ್ಯರ ತಪ್ಪುಗಳಿಗೆ ಮೂರು ಬಗೆಯ ದಂಡಗಳು ಹೇಳಲ್ಪಟ್ಟಿವೆ. ಪ್ರಾಣಾಪಾಯವಿರುವ ರೋಗವನ್ನು ಮೊದಲೇ ತಿಳಿಸದೆ ಚಿಕಿತ್ಸೆಗೆ ತೊಡಗಿ ರೋಗಿಯು ಸತ್ತರೆ ಪೂರ್ವಸಾಹಸದಂಡ; ಚಿಕಿತ್ಸೆಯ ದೋಷದಿಂದಲೇ ಸತ್ತರೆ ಮಧ್ಯಮಸಾಹಸದಂಡ; ಮರ್ಮಕ್ಕೆ ಘಾತವಾಗಿ ಅಂಗವೈಕಲ್ಯವುಂಟಾದರೆ ದಂಡಪಾರುಷ್ಯದ ಶಿಕ್ಷೆ. ರೋಗದಿಂದಾದ ಸಾವು, ಕೈತಪ್ಪಿನಿಂದಾದ ಸಾವು ಎಂಬ ವಿಂಗಡಣೆ ಇಲ್ಲಿ ಸ್ಪಷ್ಟವಾಗಿದೆ. ಅದೇ ಅಧಿಕರಣದಲ್ಲಿ ಹಠಾತ್ತಾಗಿ ಸತ್ತವರ ದೇಹಕ್ಕೆ ಎಣ್ಣೆ ಹಚ್ಚಿ ಪರೀಕ್ಷಿಸುವ ಕ್ರಮವೂ, ವಿಷ, ನೇಣು, ಉಸಿರುಗಟ್ಟುವಿಕೆ ಇವುಗಳ ಲಕ್ಷಣಗಳೂ ವಿವರಿಸಲ್ಪಟ್ಟಿವೆ. ಯಾಜ್ಞವಲ್ಕ್ಯಸ್ಮೃತಿಯು ತಪ್ಪಾಗಿ ಚಿಕಿತ್ಸಿಸುವ ವೈದ್ಯನಿಗೆ, ಪಶು, ಮನುಷ್ಯ, ರಾಜಪುರುಷ ಎಂಬ ಭೇದದಂತೆ ಏರುವ ದಂಡವನ್ನು ವಿಧಿಸುತ್ತದೆ. ಇದಕ್ಕೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದವನು. ಆದುದರಿಂದ ಈ ವಿಚಾರವು ಕನ್ನಡ ನಾಡಿನ ನ್ಯಾಯಪರಂಪರೆಗೂ ಸೇರಿದ್ದೆಂದು ಹೇಳಬಹುದು.

1800ರಲ್ಲಿ ನಿಜಾಮನು ಬಿಟ್ಟುಕೊಟ್ಟ ಸೀಮೆಯೊಡನೆ ಬಳ್ಳಾರಿಯು ಇಂಗ್ಲಿಷರ ವಶವಾಯಿತು. 1953ನೆಯ ಅಕ್ಟೋಬರ್ 1ರಂದು ಮೈಸೂರು ಸಂಸ್ಥಾನಕ್ಕೆ ಸೇರುವ ವರೆಗೆ ಮದರಾಸಿನ ಆಡಳಿತಕ್ಕೆ ಒಳಪಟ್ಟಿತ್ತು. ಅಲ್ಲಿಯ ನ್ಯಾಯಸ್ಥಾನಗಳಿಗೆ ಅನ್ವಯಿಸಿದುದು 1872ರ ಸಾಕ್ಷ್ಯದ ಶಾಸನ. ವಿಜ್ಞಾನ, ಕಲೆ ಮೊದಲಾದ ವಿಷಯಗಳಲ್ಲಿ ವಿಶೇಷ ಪರಿಣತಿಯುಳ್ಳವರ ಅಭಿಪ್ರಾಯವು ಗ್ರಾಹ್ಯವೆಂದು ಅದರ 45ನೆಯ ಕಲಮು ಹೇಳಿತು. ಅಭಿಪ್ರಾಯಕ್ಕೆ ಆಧಾರವಾದ ಕಾರಣಗಳನ್ನೂ ವಿಚಾರಿಸಬಹುದೆಂದು 51ನೆಯ ಕಲಮು ಸೇರಿಸಿತು. ಎಂದರೆ ತಜ್ಞನ ಮಾತು ಸಾಕ್ಷ್ಯವೇ ಹೊರತು ತೀರ್ಪಲ್ಲ. 2024ನೆಯ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 39ನೆಯ ಕಲಮಿನಲ್ಲಿಯೂ ಇದೇ ತತ್ತ್ವವು ಉಳಿದುಬಂದಿದೆ.

ತಜ್ಞರ ಅಭಿಪ್ರಾಯವೇ ತಪ್ಪುದಾರಿ ಹಿಡಿಯಬಹುದೆಂಬುದಕ್ಕೆ ಮುಲ್ಕೋವಾಲದ ಪ್ರಕರಣವು ಪ್ರಸಿದ್ಧವಾದ ನಿದರ್ಶನ. ವಾಲ್ಡೆಮಾರ್ ಹಾಫ್ಕಿನನು ಮುಂಬಯಿಯಲ್ಲಿ ಸಿದ್ಧಪಡಿಸಿದ ಪ್ಲೇಗಿನ ಲಸಿಕೆಯು 1898ರಲ್ಲಿ ಹುಬ್ಬಳ್ಳಿಯಲ್ಲಿ ಬಹು ಜನರಿಗೆ ಹಾಕಲ್ಪಟ್ಟು ಹೆಸರುಗಳಿಸಿದ್ದಿತು. 1902ನೆಯ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲವೆಂಬ ಹಳ್ಳಿಯಲ್ಲಿ 107 ಮಂದಿಗೆ ಈ ಲಸಿಕೆ ಹಾಕಲಾಯಿತು. ಅವರಲ್ಲಿ ಒಂದೇ ಸೀಸೆಯಿಂದ ಲಸಿಕೆ ಪಡೆದ 19 ಮಂದಿ ಧನುರ್ವಾಯುವಿನಿಂದ ಮಡಿದರು. ಉಳಿದ ಸೀಸೆಗಳಿಂದ ಪಡೆದವರಿಗೆ ಏನೂ ಆಗಲಿಲ್ಲ. ಕಾರಣವು ಆ ಸೀಸೆಯಲ್ಲಿತ್ತೆಂಬುದರಲ್ಲಿ ಸಂದೇಹವಿರಲಿಲ್ಲ. ವಿಷವು ಅದರೊಳಗೆ ಸೇರಿದುದು ಮುಂಬಯಿಯಲ್ಲಿಯೋ ಹಳ್ಳಿಯಲ್ಲಿಯೋ ಎಂಬುದೇ ಚರ್ಚೆಯಾಯಿತು. ಸರ್ ಲಾರೆನ್ಸ್ ಜೆಂಕಿನ್ಸರ ಅಧ್ಯಕ್ಷತೆಯ ವಿಚಾರಣಾಮಂಡಲಿಯು, ಸೀಸೆಯನ್ನು ತೆರೆಯುವ ಮೊದಲೇ ದೋಷ ಸೇರಿತ್ತೆಂದು ನಿರ್ಣಯಿಸಿತು. ಹಾಫ್ಕಿನನು ಪದವಿಯನ್ನು ಕಳೆದುಕೊಂಡನು.

ಆದರೆ ಕಡತಗಳನ್ನು ಮತ್ತೆ ನೋಡಿದವರಿಗೆ ಬೇರೆ ಸಂಗತಿಗಳು ಕಂಡುವು. ಬಿರಡೆಯನ್ನು ಕೀಳುವ ಚಿಮುಟವು ನೆಲಕ್ಕೆ ಬಿದ್ದಿದ್ದು, ಅದನ್ನು ಸರಿಯಾಗಿ ಶುದ್ಧಿಗೊಳಿಸದೆ ಬಳಸಲಾಗಿತ್ತು. ಧನುರ್ವಾಯುವಿನ ಕ್ರಿಮಿ ಬಹು ದಿನ ಬೆಳೆದಿದ್ದರೆ ಬರಬೇಕಾಗಿದ್ದ ದುರ್ವಾಸನೆಯು ಸೀಸೆಯನ್ನು ತೆರೆದಾಗ ಬಂದಿರಲಿಲ್ಲ. ರೊನಾಲ್ಡ್ ರಾಸ್ ಮೊದಲಾದ ವಿದ್ವಾಂಸರು 1907ರಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ಈ ಅಂಶಗಳನ್ನು ಮುಂದಿಟ್ಟರು. ಅದೇ ವರ್ಷ ಹಾಫ್ಕಿನನು ಆರೋಪಮುಕ್ತನಾದನು. ಸೀಸೆಯ ಗುರುತಿನ ಸಂಖ್ಯೆಯೂ, ಯಾರಿಗೆ ಯಾವ ಸೀಸೆಯಿಂದ ಕೊಡಲಾಯಿತೆಂಬ ಲೆಕ್ಕವೂ ಬರೆದಿಡಲ್ಪಟ್ಟಿದ್ದುದರಿಂದಲೇ ಈ ಮರುವಿಚಾರವು ಸಾಧ್ಯವಾಯಿತೆಂಬುದು ಗಮನಿಸತಕ್ಕ ಮಾತು.

ಕರ್ತವ್ಯಲೋಪವಿದ್ದೂ ಅದು ಮರಣಕ್ಕೆ ಕಾರಣವಲ್ಲದಿರುವುದು ಸಾಧ್ಯ. 1966ನೆಯ ಜನವರಿ 1ರಂದು ಲಂಡನ್ನಿನಲ್ಲಿ ಚಹಾ ಕುಡಿದು ವಾಂತಿಮಾಡಿಕೊಂಡ ರಾತ್ರಿ ಕಾವಲುಗಾರರನ್ನು ಆಸ್ಪತ್ರೆಯ ವೈದ್ಯನು ನೋಡದೆ ಹಿಂದಕ್ಕೆ ಕಳುಹಿಸಿದನು. ಅವರಲ್ಲೊಬ್ಬನು ಆರ್ಸೆನಿಕ್ ವಿಷದಿಂದ ಸತ್ತನು. ವೈದ್ಯನು ತಪ್ಪಿದುದು ನಿಜವಾದರೂ, ಸೇರಿಸಿಕೊಂಡಿದ್ದರೂ ಪ್ರತ್ಯೌಷಧವು ಸಕಾಲದಲ್ಲಿ ದೊರೆಯುತ್ತಿರಲಿಲ್ಲವೆಂದು ತಜ್ಞಸಾಕ್ಷ್ಯದಿಂದ ಕಂಡುಬಂದು, ವಿಧವೆಯ ದಾವೆಯು ವಜಾ ಆಯಿತು. ಇದಕ್ಕೆ ಎದುರಾಗಿ, ಭಾರತದ ಸರ್ವೋಚ್ಚ ನ್ಯಾಯಾಲಯವು 1968ರಲ್ಲಿ ತೀರ್ಮಾನಿಸಿದ ಲಕ್ಷ್ಮಣ ಬಾಲಕೃಷ್ಣ ಜೋಶಿ ವಿರುದ್ಧ ತ್ರ್ಯಂಬಕ ಬಾಪು ಗೋಡಬೋಲೆ ಪ್ರಕರಣವನ್ನು ನೋಡಬಹುದು. ತೊಡೆಯ ಮೂಳೆ ಮುರಿದ ತರುಣನು 1953ರಲ್ಲಿ ಪುಣೆಯ ಶಸ್ತ್ರವೈದ್ಯನ ಬಳಿ ಸತ್ತಿದ್ದನು. ಕೊಬ್ಬಿನ ಕಣವು ರಕ್ತನಾಳವನ್ನು ಕಟ್ಟಿದುದೇ ಕಾರಣವೆಂದು ವೈದ್ಯನೂ, ಸಾಕಷ್ಟು ಅರಿವಳಿಕೆ ಕೊಡದೆ ಬಲಾತ್ಕಾರವಾಗಿ ಮೂಳೆಯನ್ನು ಎಳೆದುದರಿಂದಾದ ಆಘಾತವೇ ಕಾರಣವೆಂದು ತಂದೆಯೂ ವಾದಿಸಿದರು. ನ್ಯಾಯಸ್ಥಾನವು ಸಂಗತಿಗಳನ್ನು ತೂಗಿ ಎರಡನೆಯದನ್ನು ಒಪ್ಪಿ, ರೂ. 3,000 ಪರಿಹಾರವನ್ನು ಸ್ಥಿರಪಡಿಸಿತು. 2005ರ ಜೇಕಬ್ ಮ್ಯಾಥ್ಯೂ ತೀರ್ಪು, ವೈದ್ಯನ ಮೇಲೆ ಅಪರಾಧದ ವಿಚಾರಣೆ ನಡೆಸುವುದಕ್ಕೆ ಮೊದಲು ಮತ್ತೊಬ್ಬ ಸಮರ್ಥ ವೈದ್ಯನ, ಸಾಧ್ಯವಾದರೆ ಸರಕಾರಿ ವೈದ್ಯನ, ಅಭಿಪ್ರಾಯವನ್ನು ಪಡೆಯಬೇಕೆಂದಿತು. 2010ರ ವಿ. ಕಿಶನ್ ರಾವ್ ತೀರ್ಪು, ತಪ್ಪು ತಾನೇ ತೋರುವಂತಿದ್ದರೆ ಗ್ರಾಹಕ ವೇದಿಕೆಯಲ್ಲಿ ತಜ್ಞಸಾಕ್ಷ್ಯವು ಅನಿವಾರ್ಯವಲ್ಲವೆಂದಿತು.

ಈ ಹಿನ್ನೆಲೆಯಲ್ಲಿ ಬಳ್ಳಾರಿಯ ಸಂಗತಿಯನ್ನು ನೋಡಬೇಕು. ಒಂದು ಕಾಲಕ್ಕೆ ಸಿಂದರ ರಾಜಧಾನಿಯಾಗಿದ್ದ ಕುರುಗೋಡು, ತುಂಗಭದ್ರೆಯ ಕಾಲುವೆಗಳಿಂದ ಬತ್ತ ಬೆಳೆಯುವ ಸಿರುಗುಪ್ಪ ಮೊದಲಾದ ತಾಲ್ಲೂಕುಗಳ ಬಡ ಕುಟುಂಬಗಳಿಗೆ, ತೊಡಕಿನ ಹೆರಿಗೆಯಾದರೆ ಬಳ್ಳಾರಿ ನಗರದ ಸರಕಾರಿ ಆಸ್ಪತ್ರೆಯೇ ದಿಕ್ಕು. 2024ನೆಯ ನವೆಂಬರ್ 9ರಿಂದ 11ರ ವರೆಗೆ ಜಿಲ್ಲಾ ಆಸ್ಪತ್ರೆಯಲ್ಲಿ 34 ಸಿಸೇರಿಯನ್ ಹೆರಿಗೆಗಳು ನಡೆದುವು. ಏಳು ಮಂದಿಗೆ ಮೂತ್ರಪಿಂಡಗಳೂ ಇತರ ಅಂಗಗಳೂ ಕೆಟ್ಟುವು. ಡಿಸೆಂಬರ್ ಮೊದಲ ವಾರದೊಳಗೆ ಐವರು ಬಾಣಂತಿಯರು ತೀರಿಕೊಂಡರು. ಸರಕಾರವು ಕಳುಹಿಸಿದ ತಜ್ಞರ ತಂಡವು ವೈದ್ಯರ ಕರ್ತವ್ಯಲೋಪವನ್ನು ಕಾಣದೆ, ಸಿರೆಯೊಳಗೆ ಏರಿಸಿದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಸಂಶಯಪಟ್ಟಿತು. ಅದು ಪಶ್ಚಿಮ ಬಂಗಾಳದ ಒಂದು ಕಂಪೆನಿಯಿಂದ ಸರಬರಾಜಾದುದು. ಆ ಕಂಪೆನಿಯ ಕೆಲವು ಬ್ಯಾಚುಗಳನ್ನು ರಾಜ್ಯದ ಪ್ರಯೋಗಶಾಲೆಯು ಮೊದಲೇ ಕಳಪೆಯೆಂದು ಹೇಳಿದ್ದರೂ, ಕಲ್ಕತ್ತೆಯ ಕೇಂದ್ರೀಯ ಔಷಧ ಪ್ರಯೋಗಶಾಲೆಯು ಅವುಗಳಲ್ಲಿ ಕೆಲವನ್ನು ಗುಣಮಟ್ಟದವೆಂದು ಪ್ರಮಾಣಿಸಿತ್ತು. ಕೊನೆಗೆ ರಾಜ್ಯದ ಔಷಧ ನಿಯಂತ್ರಕರನ್ನು ಅಮಾನತಿನಲ್ಲಿರಿಸಲಾಯಿತು.

ಇಲ್ಲಿ ತಜ್ಞರ ಮುಂದಿದ್ದ ಪ್ರಶ್ನೆಗಳು ಮೂರು: ವೈದ್ಯರು ತಪ್ಪಿದರೆ? ದ್ರಾವಣವು ದೂಷಿತವಾಗಿತ್ತೆ? ಆ ದ್ರಾವಣವೇ ಇವರನ್ನು ಕೊಂದಿತೆ? 1940ರ ಔಷಧಗಳ ಶಾಸನದ 25ನೆಯ ಕಲಮಿನ ಪ್ರಕಾರ, ಸರಕಾರಿ ವಿಶ್ಲೇಷಕನ ವರದಿಯನ್ನು 28 ದಿನಗಳೊಳಗೆ ವಿರೋಧಿಸಿದರೆ ಮಾದರಿಯು ಕೇಂದ್ರದ ಪ್ರಯೋಗಶಾಲೆಗೆ ಹೋಗಬಹುದು. ಅದರ ವರದಿಯೇ ನಿರ್ಣಾಯಕ. ಆದರೆ ಈ ನಿರ್ಣಾಯಕತೆಯು ಪರೀಕ್ಷಿಸಿದ ಮಾದರಿಯ ಗುಣಕ್ಕೆ ಮಾತ್ರ ಸಂಬಂಧಿಸಿದ್ದು. ಒಂದು ಬ್ಯಾಚಿನ ಸಾವಿರಾರು ಸೀಸೆಗಳಲ್ಲಿ ಕೆಲವು ಮಾತ್ರ ಕೆಟ್ಟಿರಬಹುದು. ಮುಲ್ಕೋವಾಲದಲ್ಲಿ ಕೆಟ್ಟಿದ್ದುದು ಒಂದೇ ಸೀಸೆ. ಇದಲ್ಲದೆ ಸತ್ತ ಬ್ಯಾಕ್ಟೀರಿಯಗಳ ಅಂತರ್ವಿಷವು ಸಾಮಾನ್ಯ ಕಾಯಿಸುವಿಕೆಯಿಂದ ನಾಶವಾಗದು. ಜೀವಂತ ಕ್ರಿಮಿಯಿಲ್ಲವೆಂದು ತೋರಿಸುವ ಪರೀಕ್ಷೆಯು ಈ ವಿಷವಿಲ್ಲವೆಂದು ತೋರಿಸದು. ಆದುದರಿಂದ ಎರಡನೆಯ ಪ್ರಶ್ನೆಯ ಉತ್ತರವನ್ನು ಮೂರನೆಯದಕ್ಕೆ ಉತ್ತರವೆಂದು ಎಣಿಸತಕ್ಕದ್ದಲ್ಲ. ಮೂರು ದಿನಗಳೊಳಗೆ ಒಂದೇ ಕಡೆ ಏಳು ಮಂದಿಯಲ್ಲಿ ಒಂದೇ ಬಗೆಯ ಲಕ್ಷಣಗಳು ಕಂಡುದು ಸಮಾನಮೂಲವೊಂದನ್ನು ಬಲವಾಗಿ ಸೂಚಿಸುತ್ತದೆ. ಆದರೆ ಅದು ಯಾವುದೆಂಬುದನ್ನು ಗೊತ್ತುಪಡಿಸಲು, ಯಾರಿಗೆ ಯಾವ ಬ್ಯಾಚಿನ ಸೀಸೆ ಏರಿಸಲಾಯಿತು, ಸುಖವಾಗಿ ಮನೆಗೆ ಹೋದ 27 ಮಂದಿಗೆ ಯಾವುದನ್ನು ಏರಿಸಲಾಯಿತು ಎಂಬ ಹೋಲಿಕೆಯು ಅಗತ್ಯ.

ಈ ಭೇದವು ಪಂಡಿತರ ಚರ್ಚೆಗಷ್ಟೇ ಸೀಮಿತವಾದುದಲ್ಲ. ವೈದ್ಯನು ತಪ್ಪಿದುದಾದರೆ ಹೊಣೆ ಆಸ್ಪತ್ರೆಯದು. ದ್ರಾವಣವು ಕೆಟ್ಟುದಾದರೆ ಹೊಣೆ ತಯಾರಕನದು ಮತ್ತು ಕೊಂಡವರದು. ಕಾರಣವೇ ಸ್ಥಿರಪಡದಿದ್ದರೆ ಹೊಣೆಯು ಯಾರ ಮೇಲೂ ನಿಲ್ಲದು. ಎಲ್ಲರಿಗೂ ಉಚಿತವಾಗಿ ಸೇವೆಮಾಡುವ ಆಸ್ಪತ್ರೆಗಳು ಗ್ರಾಹಕ ರಕ್ಷಣೆಯ ಶಾಸನದ ಹೊರಗಿವೆಯೆಂದು ಸರ್ವೋಚ್ಚ ನ್ಯಾಯಾಲಯವು 1995ರ ವಿ. ಪಿ. ಶಾಂತಾ ತೀರ್ಪಿನಲ್ಲಿ ಹೇಳಿದೆ. ಸರಕಾರಿ ವೈದ್ಯನ ತಪ್ಪಿಗೆ ಸರಕಾರವೇ ಹೊಣೆಯೆಂದು 2000ದ ಸಂತ್ರಾ ತೀರ್ಪು ಸ್ಥಿರಪಡಿಸಿದ್ದರೂ, ಅದನ್ನು ಸಾಧಿಸಬೇಕಾದುದು ಸಿವಿಲ್ ನ್ಯಾಯಸ್ಥಾನದಲ್ಲಿ, ಫಿರ್ಯಾದಿಯೇ ತರಬೇಕಾದ ತಜ್ಞಸಾಕ್ಷ್ಯದೊಡನೆ. ಕುರುಗೋಡು, ಸಿರುಗುಪ್ಪಗಳ ಕೂಲಿಕಾರ ಕುಟುಂಬವು ಅಂತಹ ತಜ್ಞನನ್ನು ಎಲ್ಲಿಂದ ತಂದೀತು? ಸರಕಾರವೇ ಕೊಂಡ ಔಷಧವನ್ನು ಸರಕಾರದ ಆಸ್ಪತ್ರೆಯಲ್ಲಿ ಕೊಟ್ಟಾಗ, ಸರಕಾರದ ತಜ್ಞರೇ ವಿಚಾರಿಸುವುದು ಎಷ್ಟು ಪ್ರಾಮಾಣಿಕವಾಗಿದ್ದರೂ ಸಂಶಯಕ್ಕೆ ಎಡೆಕೊಡುತ್ತದೆ.

ಮುಲ್ಕೋವಾಲದ ಸತ್ಯವು ಹೊರಬರಲು ಐದು ವರ್ಷಗಳು ಹಿಡಿದುವು. ಅದೂ ಕಡತಗಳು ಉಳಿದಿದ್ದುದರಿಂದ. ಸಿರೆಗೆ ಏರಿಸುವ ಪ್ರತಿಯೊಂದು ಸೀಸೆಯ ಬ್ಯಾಚಿನ ಸಂಖ್ಯೆಯನ್ನು ರೋಗಿಯ ಹಾಳೆಯಲ್ಲಿ ಬರೆದಿಡುವುದು, ಅನಾಹುತವಾದ ಕೂಡಲೆ ಉಳಿದ ದ್ರಾವಣವನ್ನು ಮೊಹರುಮಾಡಿ ಕಾಯ್ದಿರಿಸುವುದು, ಮರಣೋತ್ತರ ಪರೀಕ್ಷೆಯನ್ನು ತಪ್ಪಿಸದಿರುವುದು, ತಜ್ಞರ ವರದಿಯ ಪ್ರತಿಯನ್ನು ಮೃತರ ಕುಟುಂಬಕ್ಕೆ ಕೊಡುವುದು—ಇವು ಹೆಚ್ಚು ವೆಚ್ಚದ ಕೆಲಸಗಳಲ್ಲ. ಇವಿಲ್ಲದೆ ತಜ್ಞನ ಅಭಿಪ್ರಾಯಕ್ಕೆ ನಿಲ್ಲಲು ನೆಲೆಯಿಲ್ಲ. ನೆಲೆಯಿಲ್ಲದ ಅಭಿಪ್ರಾಯದಿಂದ ನಿರಪರಾಧಿ ವೈದ್ಯನಿಗೆ ರಕ್ಷಣೆಯೂ ಇಲ್ಲ, ತಾಯಿಯನ್ನು ಕಳೆದುಕೊಂಡ ಕೂಸಿಗೆ ನ್ಯಾಯವೂ ಇಲ್ಲ.